ಇನ್‌ಸ್ಪೆಕ್ಟರ್ ಸಾಹೇಬರಿಗೊಂದು ಕಿಂಡಿ

ಇನ್‌ಸ್ಪೆಕ್ಟರ್ ಸಾಹೇಬರನ್ನು ನಾನು ಮೊದಲು ಕಂಡದ್ದು ನಿವೃತ್ತನಾದ ಮರುವಾರ. ಅಂದು ಮುಂಬಾಗಿಲನ್ನು ಗಾಳಿಗೆಂದು ತೆರೆದಿಟ್ಟು, ಕೈಕುರ್ಚಿಯಲ್ಲಿ ಕಾಲು ಚಾಚಿ, 'ಇನ್ನು ಈ ಜನ್ಮದಲ್ಲಿ ಯಾರನ್ನು ಕಂಡೂ ಎದ್ದು ನಿಲ್ಲಬೇಕಾಗಿಲ್ಲ!' ಎಂದು ಹೆಮ್ಮೆಯಿಂದ ಪತ್ರಿಕೆ ಬಿಡಿಸಿದ್ದೆ. ಅಷ್ಟರಲ್ಲಿ ಅವರು ಮುನ್ಸೂಚನೆಯಿಲ್ಲದೆ ಒಳಗೆ ಬಂದರು. ಬೂದುಬಣ್ಣದ ಕೋಟು, ಬಿಳಿಯ ಕಾಲುಚೀಲ, ಎರಡು ಕಡೆಗೂ ನೀವಿ ಬಿಟ್ಟ ಮೀಸೆ. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪುಸ್ತಕದ ಕಪಾಟಿನ ಬಳಿ ಹೋಗಿ ಮೂಸಿದರು, ಸೀನಿದರು. ಅಡುಗೆಮನೆಗೆ ಹೋಗಿ ಒಂದು ಪಾತ್ರೆಯನ್ನು ಪರಿಶೀಲಿಸಿದರು. ಮಂಚದ ಕೆಳಗೆ ಇಣುಕಿದರು. ಕೊಠಡಿಗಳನ್ನೆಲ್ಲ ನೋಡಿ ಮುಗಿಸಿ, 'ಏನೇನೂ ಸುಧಾರಣೆಯಿಲ್ಲ' ಎಂಬ ಮುಖ ಮಾಡಿಕೊಂಡು ನನ್ನೆದುರು ಬಂದು ನಿಂತರು.

ನಾನು ಥಟ್ಟನೆ ಎದ್ದು ನಿಂತೆ! ಅಭ್ಯಾಸಬಲ! 'ನಮಸ್ಕಾರ ಸಾರ್' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ತೆರವಾದ ಕುರ್ಚಿಗೆ ಅವರು ಹಾರಿ ಕುಳಿತು ಬಾಲವನ್ನು ಸುತ್ತಿಕೊಂಡರು.

ಒಳಗಿನಿಂದ ನನ್ನಾಕೆ ಕೂಗಿದಳು. "ಯಾರ್ರೀ ಬಂದಿದ್ದು?"

"ಶಾಲಾ ಇನ್‌ಸ್ಪೆಕ್ಟರು," ಎಂದೆ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಅಯ್ಯೋ, ಬೆಕ್ಕು! ಅದಕ್ಕೆ ಕುರ್ಚಿ ಬಿಟ್ಕೊಟ್ಟು ನೀವು ಕೈ ಕಟ್ಕೊಂಡು ನಿಂತಿದೀರಲ್ರೀ!"

ಅಂದಿನಿಂದ ಅವರು ನಮ್ಮ ಮನೆಯ ಇನ್‌ಸ್ಪೆಕ್ಟರ್ ಸಾಹೇಬರು. ಎಲ್ಲಿಂದ ವರ್ಗವಾಗಿ ಬಂದರೋ ತಿಳಿಯದು. ನಮ್ಮಲ್ಲಿಂದ ಬೇರೆಡೆಗೆ ವರ್ಗವಾಗುವ ಇಚ್ಛೆಯನ್ನಂತೂ ಅವರು ತೋರಿಸಲಿಲ್ಲ. ನಿಜ ಹೇಳುತ್ತೇನೆ, ನನಗೂ ಅದು ಬೇಕಾಗಿರಲಿಲ್ಲ. ನಿವೃತ್ತನಾದ ಮೇಷ್ಟರನ್ನು ಯಾರು ಪರಿಶೀಲಿಸುತ್ತಾರೆ ಹೇಳಿ? ನಾನು ಓದುವಾಗ ಪುಸ್ತಕದ ಮೇಲೆ, ಬರೆಯುವಾಗ ಕಾಗದದ ಮೇಲೆ ಬಂದು ಕುಳಿತು 'ಇನ್ನೂ ಇಷ್ಟೇ ಆಯಿತೇ?' ಎನ್ನುವ ಒಂದು ಜೀವ ಮನೆಯಲ್ಲಿದ್ದರೆ, ಮನುಷ್ಯನಿಗೆ ತಾನಿನ್ನೂ ನೌಕರಿಯಲ್ಲಿರುವೆನೆಂಬ ಸಮಾಧಾನವಿರುತ್ತದೆ.

ಸಾಹೇಬರಲ್ಲಿ ಇದ್ದದ್ದು ಒಂದೇ ದೋಷ. ಮುಚ್ಚಿದ ಬಾಗಿಲನ್ನು ಅವರು ಸಹಿಸುತ್ತಿರಲಿಲ್ಲ. ಒಳಗಿದ್ದರೆ ಹೊರಗೆ ಹೋಗಬೇಕು; ಹೊರಗಿದ್ದರೆ ಒಳಗೆ ಬರಬೇಕು; ಬಾಗಿಲು ತೆರೆದು ಹಿಡಿದರೆ ಹೊಸ್ತಿಲ ಮೇಲೆ ಕುಳಿತು ಲೋಕದ ಗತಿಯನ್ನು ಚಿಂತಿಸಬೇಕು. ಹಿತ್ತಿಲ ಬಾಗಿಲು ತೆರೆದಿದ್ದರೂ ಆ ಕಡೆ ಸುಳಿಯರು. ಅಧಿಕಾರಿಗಳಲ್ಲವೇ, ಮುಂಬಾಗಿಲೇ ಆಗಬೇಕು! ಅದನ್ನು ಸದಾ ತೆರೆದಿಡೋಣವೆಂದರೆ ಬೀದಿಯ ಧೂಳೂ ಬೀದಿಯ ನಾಯಿಯೂ ಕೂಡಿಯೇ ಒಳಬರುತ್ತಿದ್ದವು.

ಇದೆಲ್ಲ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ನನ್ನಾಕೆಯ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಕೈಗೊಂದು ಊರುಗೋಲು ಬಂತು. "ಮನೆಯೊಳಗೇ ದಿನವೂ ಹತ್ತಾರು ಸಲ ನಡೆದಾಡಬೇಕಮ್ಮ, ಕೂತ್ರೆ ಮಂಡಿ ಬಿಗಿಯುತ್ತೆ," ಎಂದರು ಡಾಕ್ಟರು. ನಾನು ಆ ಕ್ಷಣವೇ ಬಣ್ಣದ ಮಸಿಯಲ್ಲಿ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. 'ಮೊದಲನೆಯ ಅವಧಿ: ನಡಿಗೆ. ಎರಡನೆಯ ಅವಧಿ: ವಿಶ್ರಾಂತಿ. ಮೂರನೆಯ ಅವಧಿ: ನಡಿಗೆ.' ಅವಳು ಎಲ್ಲ ಅವಧಿಗಳಲ್ಲಿಯೂ ವಿಶ್ರಾಂತಿಯನ್ನೇ ಆರಿಸಿಕೊಂಡಳು. "ನೋವು ನಿಮ್ಮ ಮಂಡಿಗಲ್ಲ," ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು.

ನಾನು ಬೆಳಗ್ಗೆ ಗ್ರಂಥಾಲಯಕ್ಕೆ ಹೋಗುವವನು. ಸಂಜೆ ಎದುರುಮನೆಯ ಗಣಿತದ ಮೇಷ್ಟರಲ್ಲಿಗೆ ಚದುರಂಗಕ್ಕೆ. ಅವರೂ ನಾನೂ ಒಂದೇ ಶಾಲೆಯಲ್ಲಿ ಸವೆದವರು. ಹೀಗಾಗಿ ಸಾಹೇಬರಿಗೆ ಬಾಗಿಲು ತೆರೆಯುವ ಕೆಲಸ ನನ್ನಾಕೆಯ ಪಾಲಿಗೆ ಬಂತು. 'ಮ್ಯಾವ್' ಎಂದರೆ ಟಕ್, ಟಕ್, ಟಕ್ ಎಂದು ಕೋಲೂರಿಕೊಂಡು ಬಾಗಿಲಿಗೆ. ಟಕ್, ಟಕ್, ಟಕ್ ಎಂದು ಮರಳಿ ಕುರ್ಚಿಗೆ. ಕುಳಿತು ಉಸಿರು ಬಿಡುವಷ್ಟರಲ್ಲಿ ಮತ್ತೆ 'ಮ್ಯಾವ್'.

"ನಾನೇನು ಈ ಮಹಾರಾಯನ ಬಾಗಿಲು ಕಾಯೋ ಆಳಾ?" ಎಂದು ಒಂದು ದಿನ ಸಿಡಿದಳು.

ಅವಳು ಸಿಡಿದ ದಿನವೇ ನನ್ನ ತಂಗಿ ಬರಬೇಕೇ! ತಂಗಿ ನಾಲ್ಕು ಬೀದಿಯಾಚೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಸದ್ದಿನಲ್ಲಿ ಬೆಳೆದ ಗಂಟಲು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತದೆ. ಅತ್ತಿಗೆಯ ಗೋಳನ್ನು ಕೇಳಿ ಅವಳ ಕಣ್ಣು ಹೊಳೆಯಿತು.

"ಅತ್ತಿಗೆ, ನನ್ನ ಗಿರಣಿ ತುಂಬ ಇಲಿ. ಇವನನ್ನ ನಂಗೆ ಕೊಟ್ಬಿಡಿ. ಭಾನುವಾರ ಬುಟ್ಟಿ ತರ್ತೀನಿ. ನಿಮ್ಮ ಮಂಡಿಗೂ ಸುಖ, ನನ್ನ ಮೂಟೆಗೂ ಸುಖ."

"ತೊಗೊಂಡು ಹೋಗಮ್ಮ, ಪುಣ್ಯ ಬರುತ್ತೆ," ಎಂದಳು ನನ್ನಾಕೆ.

ಸಾಹೇಬರು ಗಿರಣಿಗೆ! ಆ ಗಡಗಡ ಸದ್ದಿನಲ್ಲಿ, ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು, ಇಲಿಯ ಹಿಂದೆ ಓಡುತ್ತ! ಅಂಥ ಹಿಂಬಡ್ತಿಯನ್ನು ಯಾವ ಅಧಿಕಾರಿ ತಾನೇ ತಾಳಿಕೊಂಡಾನು? ನಾನು ಎದ್ದು ನಿಂತು ಘೋಷಿಸಿದೆ.

"ಬಾಗಿಲಿನಲ್ಲಿ ಬೆಕ್ಕಿಗೊಂದು ಪುಟ್ಟ ಬಾಗಿಲು ಮಾಡ್ತೀನಿ! ಸಾಹೇಬರು ತಾವೇ ಬರಲಿ, ತಾವೇ ಹೋಗಲಿ. ನೀನು ಕುರ್ಚಿಯಿಂದ ಏಳೋದೇ ಬೇಡ!"

"ನೀವಾ? ಗೋಡೆಗೆ ಮೊಳೆ ಹೊಡೀರಿ ಅಂದ್ರೆ ಗೋಡೆಯಾಚೆ ಮನೆಯವರ ಫೋಟೋ ಬೀಳಿಸಿದವರು!"

"ಎಂತೆಂಥ ತಲೆಗಳೊಳಗೆ ವ್ಯಾಕರಣವನ್ನೇ ತೂರಿಸಿದ್ದೀನಿ. ಒಂದು ಹಲಗೆಯೊಳಗೆ ಬೆಕ್ಕನ್ನು ತೂರಿಸೋದು ಯಾವ ಮಹಾ ವಿದ್ಯೆ?"

ನನ್ನಾಕೆ ತಂಗಿಯ ಮುಖ ನೋಡಿದಳು, ತಂಗಿ ನನ್ನಾಕೆಯ ಮುಖ ನೋಡಿದಳು. ಕೊನೆಗೆ ತೀರ್ಪು ಹೊರಬಿತ್ತು. ಭಾನುವಾರದೊಳಗೆ ಬೆಕ್ಕು ತಾನಾಗಿ ಬಂದು ಹೋಗುವುದನ್ನು ಕಲಿತರೆ ಉಳಿಯಲಿ, ಇಲ್ಲವಾದರೆ ಬುಟ್ಟಿ.

ಶುಕ್ರವಾರ ಗಣಿತದ ಮೇಷ್ಟರು ಅಳತೆಪಟ್ಟಿ, ಕೈವಾರ, ಮೂಲೆಮಟ್ಟಗಳ ಸಮೇತ ದಂಡೆತ್ತಿ ಬಂದರು. "ಮೊದಲು ಬೆಕ್ಕಿನ ಅಗಲ ತಿಳೀಬೇಕು ಮೇಷ್ಟ್ರೇ. ದತ್ತಾಂಶವಿಲ್ಲದೆ ಲೆಕ್ಕವಿಲ್ಲ," ಎಂದರು. ಆದರೆ ಸಾಹೇಬರು ಅಳೆಸಿಕೊಳ್ಳಬೇಕಲ್ಲ! ಪಟ್ಟಿಯನ್ನು ಬೆನ್ನಿಗೆ ಹಿಡಿದರೆ ಅದನ್ನು ಹಾವೆಂದು ಬಗೆದು ಕೊಂದರು. ಎತ್ತಿ ಹಿಡಿದರೆ ಒಂದು ಗಜ ಉದ್ದವಾದರು. ಕೆಳಗಿಟ್ಟರೆ ಒಂದು ಗೇಣಾದರು. ಗಣಿತದ ಮೇಷ್ಟರು ಹಣೆ ಒರೆಸಿಕೊಂಡು, "ಈ ಪ್ರಾಣಿಗೆ ನಿಶ್ಚಿತವಾದ ಆಕೃತಿಯೇ ಇಲ್ಲ," ಎಂದು ಕೈಚೆಲ್ಲಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಸಾಹೇಬರು ದಿನವೂ ಮಲಗಿ ಮಲಗಿ ನನ್ನ ಕುರ್ಚಿಯ ದಿಂಬಿನಲ್ಲಿ ಒಂದು ಗುಳಿ ಬಿದ್ದಿತ್ತು. "ಗುಳಿ ಅಳೆದರಾಯ್ತಲ್ಲ! ಅದು ಸಾಹೇಬರ ಅಚ್ಚು!" ಎಂದೆ. ಗಣಿತದ ಮೇಷ್ಟರು ನನ್ನ ಬುದ್ಧಿಗೆ ತಲೆದೂಗಿದರು. ಗುಳಿಯನ್ನು ಉದ್ದಗಲವಾಗಿ ಅಳೆದು, ಸಾಹೇಬರು ಮುಂದೆ ಇನ್ನಷ್ಟು ದಪ್ಪವಾದಾರೆಂದು ಒಂದಿಷ್ಟು ಸೇರಿಸಿ, ಬಾಗಿಲ ತಳಭಾಗದಲ್ಲಿ ಗೆರೆ ಎಳೆದೆವು. ಮಲಗಿದ ಬೆಕ್ಕಿನ ಅಗಲವೇ ಬೇರೆ, ನಡೆಯುವ ಬೆಕ್ಕಿನ ಅಗಲವೇ ಬೇರೆ ಎಂಬ ಸತ್ಯ ಇಬ್ಬರು ಪದವೀಧರರಿಗೂ ಹೊಳೆಯಲಿಲ್ಲ!

ಮೂಲೆಗಳಲ್ಲಿ ತೂತು ಕೊರೆದು ಗರಗಸ ಆಡಿಸಿದೆವು. ಬಲಕ್ಕೆ ಕುಳಿತವನು ನಾನು, ಎಡಕ್ಕೆ ಅವರು.

"ನಿಮ್ಮದು ಓರೆ ಹೋಗ್ತಿದೆ ಮೇಷ್ಟ್ರೇ."

"ನನ್ನದು ನೆಟ್ಟಗೇ ಇದೆ, ನಿಮ್ಮ ಕನ್ನಡಕ ಓರೆ."

"ಗಣಿತ ಸುಳ್ಳು ಹೇಳಲ್ಲ."

"ಗಣಿತ ಹೇಳಲ್ಲ, ಗಣಿತದವರು ಹೇಳ್ತಾರೆ!"

ಕುರ್ಚಿಯಲ್ಲಿದ್ದ ನನ್ನಾಕೆ ಕಿವಿಗೆ ಹತ್ತಿ ತುರುಕಿಕೊಂಡಳು. ಕೊನೆಗೊಮ್ಮೆ ಹಲಗೆ ದಬಕ್ಕೆಂದು ಆಚೆಗೆ ಬಿತ್ತು. ಆ ಕಿಂಡಿಯನ್ನು ಚೌಕವೆನ್ನಲಾರೆ. ಅದಕ್ಕೆ ನಾಲ್ಕು ಬಾಹುಗಳಿದ್ದವು, ಆದರೆ ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯಿರಲಿಲ್ಲ! ಹೊರಗಿನಿಂದ ಎರಡು ಹಸಿರು ಕಣ್ಣುಗಳು ಅದರೊಳಗಿಂದ ನಮ್ಮನ್ನು ನೋಡಿದವು. ಸಾಹೇಬರು ಕಿಂಡಿಯ ನಾಲ್ಕು ಅಂಚುಗಳನ್ನೂ ಮೂಸಿದರು. ಬಳಿಕ ಪಕ್ಕಕ್ಕೆ ಸರಿದು, ಮುಚ್ಚಿದ ಬಾಗಿಲಿನ ಮುಂದೆ ನೆಟ್ಟಗೆ ಕುಳಿತು, 'ಮ್ಯಾವ್' ಎಂದರು.

ಟಕ್, ಟಕ್, ಟಕ್. ನನ್ನಾಕೆ ನಮ್ಮಿಬ್ಬರನ್ನೂ ದಾಟಿಕೊಂಡು ಬಂದು ಬಾಗಿಲು ತೆರೆದಳು.

ಕತ್ತರಿಸಿದ ಹಲಗೆಗೆ ಮೇಲುಗಡೆ ಕೀಲು ಹಾಕಿ, ಒಳಕ್ಕೂ ಹೊರಕ್ಕೂ ತೂಗುವಂತೆ ನೇತುಹಾಕಿದೆವು. ಶನಿವಾರವೆಲ್ಲ ಪಾಠ. ಆಚೆ ಹಾಲಿನ ಬಟ್ಟಲಿಟ್ಟೆ. ಸಾಹೇಬರು ಹಾಲನ್ನು ಬಿಟ್ಟುಕೊಟ್ಟರು, ಮಾನವನ್ನು ಬಿಡಲಿಲ್ಲ. ಹಿಂದಿನಿಂದ ಮೆಲ್ಲಗೆ ನೂಕಿದೆ. ನಾಲ್ಕು ಕಾಲುಗಳನ್ನೂ ಕಿಂಡಿಯ ನಾಲ್ಕು ಕಡೆ ಊರಿ ನಿಂತರು. ದಾರದ ತುದಿಗೆ ಕಾಗದದ ಉಂಡೆ ಕಟ್ಟಿ ಎಳೆದೆ. ಒಂದು ಪಾದವನ್ನು ಕಿಂಡಿಯಾಚೆ ಇಟ್ಟರು, ತೆಗೆದರು, ಆ ಪಾದವನ್ನು ನೆಕ್ಕಿ ಶುದ್ಧಿ ಮಾಡಿಕೊಂಡರು.

ಭಾನುವಾರ ಬೆಳಗಾಯಿತು. "ತಿಂಡಿ ಮುಗಿಸಿ ಬರ್ತೀನಿ ಅಂದಿದಾಳೆ ನಿಮ್ಮ ತಂಗಿ," ಎಂದು ನನ್ನಾಕೆ ಪತ್ರಿಕೆಯ ಹಿಂದಿನಿಂದ ನೆನಪಿಸಿದಳು. ಅವಳ ದನಿಯಲ್ಲಿ ಸಂತೋಷವಿರಲಿಲ್ಲವೆಂದು ನನಗೆ ತೋರಿತು; ಆದರೆ ಮಂಡಿನೋವಿನವರ ದನಿಯಲ್ಲಿ ಸಂತೋಷ ಇರುವುದಾದರೂ ಯಾವಾಗ?

ನಾನು ಹೊರಜಗಲಿಗೆ ಬಂದು ಬಾಗಿಲೆಳೆದುಕೊಂಡೆ. ಸಾಹೇಬರು ಅಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಸೇವಾವಧಿಯುದ್ದಕ್ಕೂ ನಾನು ನಂಬಿದ ಮಂತ್ರವೊಂದಿದೆ. 'ಹೇಳಿದ್ದು ಮರೆಯುತ್ತದೆ, ಮಾಡಿ ತೋರಿಸಿದ್ದು ನಿಲ್ಲುತ್ತದೆ.' ಕಪ್ಪೆಯ ಪದ್ಯ ಬಂದಾಗ ತರಗತಿಯಲ್ಲಿ ಕುಪ್ಪಳಿಸಿದವನು ನಾನು. ಆ ಮಕ್ಕಳು ಇಂದಿಗೂ ದಾರಿಯಲ್ಲಿ ಕಂಡರೆ ಆ ಪದ್ಯವನ್ನು ಪೂರ್ತಿ ಒಪ್ಪಿಸುತ್ತಾರೆ. ಎಂದಮೇಲೆ ಬೆಕ್ಕಿಗೆ ಮಾತ್ರ ಬರೀ ಉಪನ್ಯಾಸ ಕೊಟ್ಟರೆ ಅದು ಕಲಿತೀತೇ?

ನೆಲಕ್ಕೆ ಕೈಯೂರಿ ಚತುಷ್ಪಾದಿಯಾದೆ.

"ನೋಡಿ ಸಾರ್, ಇಷ್ಟೇ. ಮೊದಲು ಹಣೆಯಿಂದ ಹಲಗೆ ತಳ್ಳೋದು. ಆಮೇಲೆ ತಲೆ."

ಹಲಗೆ ಸರಿಯಿತು. ಹಣೆ ಹೋಯಿತು. ಕನ್ನಡಕ ಹೋಯಿತು. ಕಿವಿಗಳು ಹಿಂದಕ್ಕೆ ಮಡಚಿಕೊಂಡು, ಕೊಂಚ ಉರಿದು, ಹೋದವು. ದಿಂಬಿನ ಗುಳಿಗೂ ನನ್ನ ತಲೆಗೂ ಅದೆಂಥ ಹೊಂದಾಣಿಕೆ!

"ಆಯ್ತಾ ಸಾರ್? ಈಗ ವಾಪಸ್..." ಎಂದು ತಲೆಯನ್ನು ಹಿಂದಕ್ಕೆಳೆದೆ.

ಬರಲಿಲ್ಲ. ಹೋಗುವಾಗ ಮಡಚಿಕೊಂಡ ಕಿವಿಗಳು ಬರುವಾಗ ಬಿಚ್ಚಿಕೊಂಡು ಹಲಗೆಗೆ ಆತುಕೊಂಡಿದ್ದವು.

ಎದುರಿನ ಕುರ್ಚಿಯಲ್ಲಿ ಪತ್ರಿಕೆ ಮೆಲ್ಲನೆ ಕೆಳಗಿಳಿಯಿತು.

"ಏನ್ರೀ ಇದು?"

"ಪಾಠ ಮಾಡ್ತಿದೀನಿ."

"ಯಾರಿಗೆ?"

"ಸಾಹೇಬರಿಗೆ."

"ಅವನೆಲ್ಲಿ?"

ಅದೇ ಕ್ಷಣ ನನ್ನ ಸೊಂಟದ ಮೇಲೆ ಮೆತ್ತನೆಯ ಭಾರವೊಂದು ಇಳಿಯಿತು. ಅತ್ತ ಒಮ್ಮೆ ಇತ್ತ ಒಮ್ಮೆ ತುಳಿದು ಹದ ಮಾಡಿಕೊಂಡು, ಸುತ್ತಿಕೊಂಡು ಕುಳಿತಿತು.

"ನನ್ನ ಬೆನ್ನ ಮೇಲೆ," ಎಂದೆ.

ನನ್ನಾಕೆ ನಕ್ಕಳು ನೋಡಿ! ಶಸ್ತ್ರಚಿಕಿತ್ಸೆಯಾದ ಮೇಲೆ ಆ ನಗುವನ್ನು ನಾನು ಕೇಳಿರಲಿಲ್ಲ. "ಗೋಡೆಗೆ ನೇತುಹಾಕಿದ ಜಿಂಕೆ ತಲೆ ಥರಾನೇ ಇದೆ ಕಣ್ರೀ! ಕೊಂಬೊಂದು ಕಮ್ಮಿ!"

ಹೊರಗೆ ಗೇಟು ಕಿರುಗುಟ್ಟಿತು. ಗಿರಣಿಯ ಕಂಠ ಮೊಳಗಿತು.

"ಅತ್ತಿಗೇ! ನಿಮ್ಮ ಬಾಗಿಲಿಗೆ ಯಾರೋ ಅರ್ಧ ಮನುಷ್ಯ ಅಂಟ್ಕೊಂಡಿದಾನೆ!"

"ಅದು ನಿಮ್ಮಣ್ಣ ಕಣಮ್ಮಾ! ಉಳಿದರ್ಧ ಇಲ್ಲಿದೆ!"

"ಅಣ್ಣಾ, ಇದೇನೋ ನಿನ್ನ ಅವತಾರ? ಈ ವಯಸ್ಸಲ್ಲಿ ಕಳ್ಳತನಾನಾ? ಅದೂ ನಿಮ್ಮನೇಲೇನಾ?"

ಆ ದನಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು ಎಂದು ನಾನು ಆಮೇಲೆ ಕೇಳಿ ತಿಳಿದೆ. ಆ ಹೊತ್ತಿನಲ್ಲಿ ನನ್ನ ಹಿಂಬದಿಯ ವಿದ್ಯಮಾನಗಳು ನನಗೆ ಕಾಣುತ್ತಿರಲಿಲ್ಲ. ಎದುರುಮನೆಯಿಂದ ಗಣಿತದ ಮೇಷ್ಟರು ಓಡಿಬಂದ ಹೆಜ್ಜೆ ಮಾತ್ರ ಕೇಳಿಸಿತು.

"ಗಾಬರಿ ಬೇಡ ಮೇಷ್ಟ್ರೇ! ಎಡಗಡೆ ಒಂದು ಎಳೆಯಷ್ಟು ಕೊರೆದ್ರೆ ಸಾಕು. ಗರಗಸ ತರ್ತೀನಿ!"

"ಗರಗಸ ಬೇಡ!" ಎಂದು ಕೂಗಿದೆ. "ನೀವು ಎಡಗಡೆ ಕೊರೆದದ್ದನ್ನ ನೋಡಿದೀನಿ!"

"ನಂಗೆ ಮೊದಲು ಒಳಗೆ ಬರೋಕೆ ದಾರಿ ಬಿಡಿ," ಎಂದಳು ತಂಗಿ. ನನ್ನಾಕೆ ಬಂದು ಬಾಗಿಲನ್ನು ಒಳಕ್ಕೆಳೆದಳು. ಬಾಗಿಲು ತೆರೆಯಿತೆಂದರೆ ನಾನೂ ತೆರೆದುಕೊಳ್ಳಬೇಕಲ್ಲ! ಮಂಡಿಯ ಮೇಲೆ ತೆವಳತೊಡಗಿದೆ.

"ಕೀಲೇ ಕೇಂದ್ರ, ಮೇಷ್ಟ್ರೇ ಪರಿಧಿ! ಮೆಲ್ಲಗೆ, ಮೆಲ್ಲಗೆ! ಕಾಲು ಭಾಗ ವೃತ್ತ ಆಯ್ತು!" ಎಂದು ಗಣಿತದ ಮೇಷ್ಟರು ದಿಕ್ಕು ತೋರಿಸಿದರು.

"ನಿಲ್ಲಿಸಿ! ಮುಂದೆ ಗೋಡೆ ಇದೆ!" ಎಂದು ನಾನು ಅರಚಿದೆ.

ಹೀಗೆ ಇನ್‌ಸ್ಪೆಕ್ಟರ್ ಸಾಹೇಬರು ಅಂದು ನನ್ನ ಬೆನ್ನನ್ನೇರಿ, ಇಬ್ಬರು ಹೆಂಗಸರೂ ಒಬ್ಬ ಗಣಿತಜ್ಞರೂ ನೋಡುತ್ತಿರುವಂತೆ, ಪೂರ್ತಿ ತೆರೆದ ಬಾಗಿಲಿನಿಂದ ಮೆರವಣಿಗೆಯಲ್ಲಿ ಒಳಗೆ ಬಂದರು. ಇಳಿದು, ನೇರವಾಗಿ ನನ್ನ ಕುರ್ಚಿಗೆ ಹೋದರು.

ನಾನು ಗೋಡೆಯನ್ನೇ ನೋಡುತ್ತ ಮೂಲೆಯಲ್ಲಿ ಮಂಡಿಯೂರಿದ್ದೆ, ಶಿಕ್ಷೆಗೊಳಗಾದ ಹುಡುಗನಂತೆ.

"ತಡೀರಿ, ಎಣ್ಣೆ ತರ್ತೀನಿ," ಎಂದಳು ನನ್ನಾಕೆ. ಹೆಜ್ಜೆಗಳು ಅಡುಗೆಮನೆಗೆ ಹೋದವು. ಹೆಜ್ಜೆಗಳು ಬೇಗಬೇಗನೆ ಮರಳಿ ಬಂದವು. ಏನೋ ಕೊರತೆಯೆನಿಸಿತು. ಏನೆಂದು ನನಗೆ ಹೊಳೆಯುವ ಮೊದಲೇ ತಂಗಿ ಕೇಳಿದಳು.

"ಅತ್ತಿಗೆ, ನಿಮ್ಮ ಕೋಲೆಲ್ಲಿ?"

ಟಕ್ ಎಂಬ ಸದ್ದು! ಅದೇ ಇರಲಿಲ್ಲ!

ಕೋಲು ಅವಳ ಕುರ್ಚಿಯ ತೋಳಿಗೆ ಒರಗಿಕೊಂಡೇ ಇತ್ತಂತೆ. ನಗುವ ಭರದಲ್ಲಿ ಅವಳು ಅದನ್ನು ಮರೆತು ಬಾಗಿಲಿಗೂ ಅಡುಗೆಮನೆಗೂ ನಡೆದಾಡಿಬಿಟ್ಟಿದ್ದಳು.

"ಅಯ್ಯೋ, ಹೌದಲ್ಲ!" ಎಂದಳು ನನ್ನಾಕೆ, ಬೇರೆಯವರ ಕಾಲನ್ನು ನೋಡಿದವಳಂತೆ.

"ಮೊದಲು ನನ್ನ ಬಿಡಿಸಿ, ಆಮೇಲೆ ಆಶ್ಚರ್ಯಪಡಿ!" ಎಂದು ನಾನು ಗೋಡೆಗೆ ಹೇಳಿದೆ.

ಎಣ್ಣೆ ಸುರಿದಳು. ಬಲಗಿವಿ ಹಿಡಿದು ಹಿಂಡಿ, ಮಡಚಿ, ಕಿಂಡಿಯೊಳಗೆ ತುರುಕಿದಳು. ಎಡಗಿವಿಗೂ ಅದೇ ಸಂಸ್ಕಾರ. ವೃತ್ತಿಜೀವನದಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡದ ಮೇಷ್ಟರೆಂದು ಬೀಳ್ಕೊಡುಗೆಯ ದಿನ ನನ್ನನ್ನು ಹೊಗಳಿದ್ದರು. ಎಲ್ಲ ಮಕ್ಕಳ ಪಾಲಿನದೂ ಅಂದು ಒಟ್ಟಿಗೆ ನನಗೇ ಸಂದಿತು! ಗಣಿತದ ಮೇಷ್ಟರು ಹಿಂದಿನಿಂದ ಕಾಲು ಹಿಡಿದೆಳೆದರು. ಬಾಟಲಿಯ ಬಿರಡೆಯಂತೆ 'ಪಟ್' ಎಂದು ಕಳಚಿಕೊಂಡು ಅವರ ಮಡಿಲಿಗೆ ಬಿದ್ದೆ.

ತಂಗಿ ಬುಟ್ಟಿಯ ಮುಚ್ಚಳ ತೆಗೆದಳು. "ಸರಿ, ಪಾಠ ಮುಗೀತು. ವಿದ್ಯಾರ್ಥಿ ನಪಾಸು. ತೊಗೊಂಡು ಹೋಗ್ಲಾ?"

ನಾನು ತಲೆ ತಗ್ಗಿಸಿದೆ. ಮಾತೆಂದರೆ ಮಾತು; ಸೋತವನು ಸೋತ ಹಾಗೆ ಇರಬೇಕು.

"ಬೇಡಮ್ಮ," ಎಂದಳು ನನ್ನಾಕೆ.

"ಯಾಕೆ? ನೀವೇ ತಾನೇ ಹೇಳಿದ್ದು, ಎದ್ದೂ ಎದ್ದೂ ಸಾಕಾಯ್ತು ಅಂತ?"

"ಎದ್ದೂ ಎದ್ದೂ ತಾನೇ ಕಾಲು ಬಂದಿದ್ದು! ಡಾಕ್ಟರು ನಡಿ ಅಂದ್ರು, ನಡೀಲಿಲ್ಲ. ಇವರು ಬಣ್ಣಬಣ್ಣದ ವೇಳಾಪಟ್ಟಿ ಅಂಟಿಸಿದ್ರು, ಆ ಕಡೆ ತಿರುಗಿ ನೋಡ್ಲಿಲ್ಲ. ಇವನು 'ಮ್ಯಾವ್' ಅಂದ್ರೆ ಬೈಕೊಂಡಾದ್ರೂ ಎದ್ದೆ. ಇವರ ಕಿಂಡಿ ಕೆಲಸ ಮಾಡಿದ್ದಿದ್ರೆ ನಾನಿನ್ನೂ ಕುರ್ಚಿಯಲ್ಲೇ ಇರ್ತಿದ್ದೆ!"

ನೋಡಿದಿರಾ! ನನ್ನ ಸೋಲೇ ಸಾಹೇಬರನ್ನು ಉಳಿಸಿತ್ತು. ಗೆದ್ದಿದ್ದರೆ ಮಂಡಿ ಕೆಡುತ್ತಿತ್ತು!

"ಹಂಗಾದ್ರೆ ನನ್ನ ಇಲಿಗಳ ಗತಿ?" ಎಂದಳು ತಂಗಿ.

"ಇವನು ಇನ್‌ಸ್ಪೆಕ್ಟರ್ ಕಣಮ್ಮ. ತಪ್ಪು ಹಿಡೀತಾನೆ, ಇಲಿ ಹಿಡಿಯಲ್ಲ."

ತಂಗಿ ಗೊಣಗುತ್ತ ಖಾಲಿ ಬುಟ್ಟಿಯನ್ನು ಹೊತ್ತು ಹೊರಟಳು.

ಕೆಲವು ವಾರಗಳ ನಂತರ ನಾವಿಬ್ಬರೂ ಡಾಕ್ಟರಲ್ಲಿಗೆ ಹೋಗಿದ್ದೆವು. "ಕೋಲನ್ನ ಇನ್ನು ಅಟ್ಟಕ್ಕೆ ಹಾಕಿ," ಎಂದರು ಅವರು. ಹೊರಡುವಾಗ ಸಾಹೇಬರು ಜಗಲಿಯಲ್ಲಿದ್ದರು. ಬಾಗಿಲಿಗೆ ಬೀಗ ಹಾಕಿದ್ದು ನಾನೇ. ಮರಳಿ ಬಂದು ಬೀಗ ತೆಗೆದರೆ, ಸಾಹೇಬರು ಒಳಗೆ, ನನ್ನ ಕುರ್ಚಿಯಲ್ಲಿ, ದಿಂಬಿನ ಗುಳಿಯಲ್ಲಿ! ಕಿಂಡಿಯ ಹಲಗೆಗೆ ಬೂದುಬಣ್ಣದ ರೋಮ ಅಂಟಿತ್ತು.

"ಕಲಿತಿದಾರೆ! ನೋಡು, ನನ್ನ ಪಾಠ ಕಲಿತಿದಾರೆ!" ಎಂದು ಕುಣಿದೆ. "ಮತ್ತೆ ನಾವು ಮನೇಲಿದ್ದಾಗ ಯಾಕೆ ಕೂಗ್ತಾರೆ?"

ನನ್ನಾಕೆ ನನ್ನನ್ನು ಕನಿಕರದಿಂದ ನೋಡಿದಳು. "ಅವತ್ತು ನೀವು ಮಾಡಿ ತೋರಿಸಿದ್ರಲ್ಲ, ಅದನ್ನ ನೋಡಿದ ಮೇಲೆ, ಯಾರಾದ್ರೂ ನೋಡ್ತಿರುವಾಗ ಆ ಕಿಂಡಿಯೊಳಗೆ ತಲೆ ಹಾಕೋಕೆ ಯಾವ ಮರ್ಯಾದಸ್ಥನಿಗೆ ಮನಸ್ಸು ಬರುತ್ತೆ ಹೇಳಿ?"

ಇತ್ತೀಚೆಗೆ ನನ್ನಾಕೆ ಬೀದಿಯ ತುದಿಯ ಅಂಗಡಿಗೆ ತಾನೇ ನಡೆದು ಹೋಗುತ್ತಾಳೆ; ಅಲ್ಲಿಂದ ನನ್ನ ತಂಗಿಯ ಗಿರಣಿಯವರೆಗೂ ಹೋಗಿ ಇಲಿಗಳ ಕುಶಲ ವಿಚಾರಿಸಿಕೊಂಡು ಬರುತ್ತಾಳೆ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿಯೂ ಅವಳು ಮನೆಯಲ್ಲಿಲ್ಲ. ಸಾಹೇಬರು ಜಗಲಿಯಲ್ಲಿದ್ದಾರೆ. ಕಿಂಡಿ ಅವರ ಪಕ್ಕದಲ್ಲಿಯೇ ತೂಗಾಡುತ್ತಿದೆ. ಅವರು ಅದರತ್ತ ನೋಡದೆ, ಮುಚ್ಚಿದ ಬಾಗಿಲಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಮ್ಮೆ ಕೂಗಿದರು. ಎರಡನೆಯ ಸಲವೂ ಕೂಗಿದರು. ಈ ವಾಕ್ಯವನ್ನಾದರೂ ಮುಗಿಸೋಣವೆಂದುಕೊಂಡೆ. ಮೂರನೆಯ ಕೂಗಿನಲ್ಲಿ ಮೇಲಧಿಕಾರಿಯ ಗಡಸು ಬಂದಿದೆ.

ಬಂದೆ, ಸಾರ್!